ಅಡುಗೆಯ ಒಲೆಯೂ ನಾಡಿನ ಏಳಿಗೆಯೂ

ಕೆಲವು ವರ್ಷಗಳ ಹಿಂದಿನ ಮಾತು. ತರಗತಿಯಲ್ಲಿ ಉಷ್ಣಯಂತ್ರಗಳ ಪಾಠ ನಡೆಯುತ್ತಿತ್ತು. ಹಬೆಯ ರೈಲು ಎಂಜಿನ್ನಿಗೆ ಉಣಿಸಿದ ಕಲ್ಲಿದ್ದಲಿನ ಶಾಖದಲ್ಲಿ ನೂರಕ್ಕೆ ಹತ್ತು ಪಾಲು ಕೂಡ ಗಾಲಿಯನ್ನು ಉರುಳಿಸುವ ಕೆಲಸಕ್ಕೆ ದಕ್ಕುತ್ತಿರಲಿಲ್ಲವೆಂದು ನಾನು ಹೇಳಿದಾಗ, ಹಿಂದಿನ ಬೆಂಚಿನಿಂದ ವಿದ್ಯಾರ್ಥಿಯೊಬ್ಬ ಎದ್ದು ನಿಂತು, “ಸಾರ್, ನಮ್ಮ ಮನೆಯ ಸೌದೆ ಒಲೆಯ ದಕ್ಷತೆ ಎಷ್ಟಿರಬಹುದು?” ಎಂದು ಕೇಳಿದ. ತರಗತಿ ನಕ್ಕಿತು. ಆದರೆ ಪ್ರಶ್ನೆ ನಗುವಂಥದಾಗಿರಲಿಲ್ಲ. ಹಬೆಯ ಎಂಜಿನ್ನುಗಳು ವಸ್ತುಸಂಗ್ರಹಾಲಯವನ್ನು ಸೇರಿವೆ. ಸೌದೆಯ ಒಲೆ ಇಂದಿಗೂ ಕೋಟ್ಯಂತರ ಮನೆಗಳಲ್ಲಿ ದಿನಕ್ಕೆರಡು ಹೊತ್ತು ಉರಿಯುತ್ತಿದೆ. “ನೀನೇ ಅಳೆದು ನೋಡು. ಒಂದು ವಾರ ಸೌದೆಯನ್ನು ತೂಗಿ ಬರೆದುಕೊಂಡು ಬಾ” ಎಂದೆ.

ವಾರದ ಮೇಲೆ ಅವನು ಲೆಕ್ಕ ತಂದ. ಏಳು ದಿನಗಳಿಗೆ 35 ಕಿಲೋಗ್ರಾಂ, ಎಂದರೆ ದಿನಕ್ಕೆ 5 ಕಿಲೋಗ್ರಾಂ. ಲೆಕ್ಕದೊಡನೆ ಅವನ ತಾಯಿಯ ಮಾತೊಂದನ್ನೂ ತಂದಿದ್ದ. ಮಗ ತಕ್ಕಡಿ ಹಿಡಿದು ಕುಳಿತುದನ್ನು ಕಂಡು ಆಕೆ, “ಸೌದೆಯೇನೋ ತೂಗ್ದೆ, ಸರಿ ಕಣಪ್ಪ. ಅದನ್ನ ತರೋಕೆ ಹಿಡಿದ ಹೊತ್ತನ್ನ ಯಾತರಲ್ಲಿ ತೂಗ್ತೀಯ?” ಎಂದರಂತೆ.

ಮಗನದು ಭೌತವಿಜ್ಞಾನದ ಪ್ರಶ್ನೆ. ತಾಯಿಯದು ಅರ್ಥಶಾಸ್ತ್ರದ ಪ್ರಶ್ನೆ. ಎರಡೂ ಬೇರೆ ಬೇರೆಯೆಂದು ತೋರಿದರೂ, ಒಂದನ್ನು ಬಿಟ್ಟು ಇನ್ನೊಂದಕ್ಕೆ ಉತ್ತರ ದೊರೆಯುವುದಿಲ್ಲ. ಇದು ಹೇಗೆಂಬುದನ್ನು ಈಗ ವಿಚಾರ ಮಾಡೋಣ.

ಅಡುಗೆಗೆ ಬೇಕಾದ ಶಾಖ ಎಷ್ಟು?

ಒಂದು ಸಾಮಾನ್ಯ ಸಂಸಾರದ ಒಂದು ಹೊತ್ತಿನ ಅಡುಗೆಗೆ ಸುಮಾರು 5 ಲೀಟರ್ ನೀರನ್ನು ಕುದಿಸಬೇಕೆಂದು ಇಟ್ಟುಕೊಳ್ಳೋಣ. ನೀರು 25 ಡಿಗ್ರಿಯಿಂದ 100 ಡಿಗ್ರಿಗೆ ಏರಬೇಕು. ಒಂದು ಕಿಲೋಗ್ರಾಂ ನೀರು ಒಂದು ಡಿಗ್ರಿ ಏರಲು ಬೇಕಾಗುವ ಶಾಖ 4.2 ಕಿಲೋಜೂಲ್. ಆದ್ದರಿಂದ 5 ಕಿಲೋಗ್ರಾಂ ನೀರು 75 ಡಿಗ್ರಿ ಏರಲು 1575 ಕಿಲೋಜೂಲ್ ಬೇಕು. ಬೇಯುವಾಗ ಅರ್ಧ ಕಿಲೋಗ್ರಾಂ ನೀರು ಆವಿಯಾಗಿ ಹೋಯಿತೆನ್ನೋಣ. ಅದಕ್ಕೆ ಇನ್ನೊಂದು 1130 ಕಿಲೋಜೂಲ್. ಒಟ್ಟು ಸುಮಾರು 2.7 ಮೆಗಾಜೂಲ್.

ಗಾಳಿಯಲ್ಲಿ ಒಣಗಿಸಿದ ಸೌದೆಯ ಒಂದು ಕಿಲೋಗ್ರಾಂ ಪೂರ್ಣವಾಗಿ ಉರಿದಾಗ ಸುಮಾರು 16 ಮೆಗಾಜೂಲ್ ಶಾಖ ಹೊರಬರುತ್ತದೆ. ಹಾಗಾದರೆ ಈ ಅಡುಗೆಗೆ ಬೇಕಾದ ಸೌದೆ 170 ಗ್ರಾಂ ಮಾತ್ರ! ಒಂದು ಹಿಡಿ ಚಕ್ಕೆಗಿಂತ ಹೆಚ್ಚಲ್ಲ. ವಾಸ್ತವವಾಗಿ ಮೂರು ಕಲ್ಲಿನ ಒಲೆಯಲ್ಲಿ ಒಂದೂವರೆ ಕಿಲೋಗ್ರಾಮಿಗೂ ಮಿಕ್ಕಿ ಸೌದೆ ಉರಿದುಹೋಗುತ್ತದೆ. ಗಾಳಿಯಾಡದ ಸ್ಥಳದಲ್ಲಿ ಜತನದಿಂದ ಉರಿಸಿದರೆ ಇಂಥ ಒಲೆಯ ದಕ್ಷತೆ ನೂರಕ್ಕೆ 15ನ್ನು ಮುಟ್ಟಬಹುದು, ಮೀರಲೂಬಹುದು. ದಿನನಿತ್ಯದ ಬಳಕೆಯಲ್ಲಿ ಅದು 10ರ ಆಸುಪಾಸಿನಲ್ಲಿರುತ್ತದೆ.

ಇಲ್ಲಿ ಒಂದು ಮುಖ್ಯ ಭೇದವನ್ನು ಗಮನಿಸಬೇಕು. ಎಂಜಿನ್ನು ಶಾಖವನ್ನು ಚಲನೆಯಾಗಿ ಮಾರ್ಪಡಿಸುತ್ತದೆ. ಆ ಮಾರ್ಪಾಟಿಗೆ ಉಷ್ಣಗತಿಶಾಸ್ತ್ರದ ಎರಡನೆಯ ನಿಯಮ ಒಂದು ಮಿತಿಯನ್ನು ವಿಧಿಸಿದೆ. ಎಷ್ಟು ಜಾಣ ಎಂಜಿನಿಯರನೂ ಅದನ್ನು ದಾಟಲಾರ. ಒಲೆಯ ಕೆಲಸವಾದರೋ ಶಾಖವನ್ನು ಶಾಖವಾಗಿಯೇ ಪಾತ್ರೆಗೆ ಮುಟ್ಟಿಸುವುದು. ಅದಕ್ಕೆ ಅಂತಹ ಕಟ್ಟಳೆಯೇನೂ ಇಲ್ಲ. ಒಲೆಯಲ್ಲಿ ನೂರಕ್ಕೆ ತೊಂಬತ್ತು ಪಾಲು ಹಾಳಾಗುತ್ತಿದ್ದರೆ ಅದಕ್ಕೆ ನಿಸರ್ಗ ಹೊಣೆಯಲ್ಲ.

ಉಳಿದ ಶಾಖ ಎಲ್ಲಿ ಹೋಯಿತು?

ಸೌದೆ ಉರಿಯುವ ಬಗೆಯನ್ನು ಸ್ವಲ್ಪ ನೋಡೋಣ. ಮೊದಲು ಅದರಲ್ಲಿರುವ ತೇವ ಆವಿಯಾಗಿ ಹೋಗುತ್ತದೆ. ಉಷ್ಣತೆ ಇನ್ನೂರೈವತ್ತು ಮುನ್ನೂರು ಡಿಗ್ರಿಯನ್ನು ದಾಟುತ್ತಿದ್ದಂತೆ ಮರ ಒಡೆದು ಅನಿಲಗಳು ಹೊಮ್ಮತೊಡಗುತ್ತವೆ. ಒಣಮರದ ತೂಕದಲ್ಲಿ ಮುಕ್ಕಾಲು ಪಾಲಿನಷ್ಟು ಹೀಗೆ ಅನಿಲವಾಗಿಯೇ ಹೊರಡುತ್ತದೆ. ನಾವು ನೋಡುವ ಜ್ವಾಲೆ ಈ ಅನಿಲಗಳ ಉರಿ. ಕೊನೆಗೆ ಉಳಿಯುವ ಇದ್ದಿಲು ಕೆಂಡವಾಗಿ ಬೆಳಗುತ್ತದೆ.

ಅನಿಲಗಳು ಪೂರ್ತಿ ಉರಿಯಬೇಕಾದರೆ ಮೂರು ಅನುಕೂಲಗಳು ಬೇಕು: ಸಾಕಷ್ಟು ಬಿಸಿ, ಸಾಕಷ್ಟು ಗಾಳಿಯ ಬೆರಕೆ, ಸಾಕಷ್ಟು ಸಮಯ. ತಣ್ಣಗಿರುವ ಪಾತ್ರೆಯ ತಳಕ್ಕೆ ಜ್ವಾಲೆ ತಾಗಿತೆಂದರೆ ಉರಿ ಅರ್ಧದಲ್ಲಿಯೇ ಅಡಗುತ್ತದೆ. ಆಗ ಉಳಿಯುವುದೇ ಮಸಿ, ಇಂಗಾಲದ ಮಾನಾಕ್ಸೈಡು, ಮತ್ತು ಕಣ್ಣು ಮೂಗುಗಳನ್ನು ಉರಿಸುವ ನೂರಾರು ಸಂಯುಕ್ತಗಳು. ಹೊಗೆಯೆಂದರೆ ಉರಿಯದೆ ಉಳಿದ ಸೌದೆಯೇ ಹೊರತು ಬೇರೇನೂ ಅಲ್ಲ.

ಹಾಗೆಂದು ಸೌದೆಯ ಬಹುಪಾಲು ಹೊಗೆಯಾಗಿ ನಷ್ಟವಾಗುತ್ತದೆಂದು ತಿಳಿಯಬಾರದು. ಮೂರು ಕಲ್ಲಿನ ಒಲೆಯಲ್ಲಿಯೂ ಸೌದೆಯ ರಾಸಾಯನಿಕ ಶಕ್ತಿಯಲ್ಲಿ ನೂರಕ್ಕೆ ತೊಂಬತ್ತು ಪಾಲು ಶಾಖವಾಗಿ ಬಿಡುಗಡೆಯಾಗುತ್ತದೆ. ಆ ಶಾಖ ಪಾತ್ರೆಯನ್ನು ಮುಟ್ಟದೆ ನಾಲ್ಕೂ ಕಡೆ ಚೆದರಿಹೋಗುವುದೇ ದೊಡ್ಡ ನಷ್ಟ. ಎಂದರೆ ಒಲೆಗೆ ಎರಡು ಬೇರೆ ಬೇರೆ ಕೆಲಸಗಳಿವೆ: ಚೊಕ್ಕಟವಾಗಿ ಉರಿಸುವುದು ಒಂದು, ಉರಿಯ ಶಾಖವನ್ನು ಪಾತ್ರೆಗೆ ತಲುಪಿಸುವುದು ಮತ್ತೊಂದು. ಎರಡನೆಯದನ್ನು ಸರಿಪಡಿಸಿದರೆ ಸೌದೆ ಉಳಿಯುತ್ತದೆ; ಮೊದಲನೆಯದನ್ನು ಸರಿಪಡಿಸಿದರೆ ಉಸಿರು ಉಳಿಯುತ್ತದೆ. ಎರಡೂ ತಾವಾಗಿಯೇ ಒಟ್ಟಿಗೆ ಬರುವುದಿಲ್ಲ. ಪಾತ್ರೆಯನ್ನು ಉರಿಗೆ ತೀರ ಹತ್ತಿರ ತಂದರೆ ಸೌದೆ ಉಳಿದರೂ ಹೊಗೆ ಹೆಚ್ಚಬಹುದು. ಹೊಗೆಗೊಳವೆಯನ್ನು ಇಟ್ಟರೆ ಹೊಗೆ ಹೊರಗೆ ಹೋದರೂ ಅದರ ಜತೆಗೆ ಶಾಖವೂ ಹೋಗಬಹುದು. ಈ ಎರಡು ಕೆಲಸಗಳ ಭೇದವನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಅದರ ಪ್ರಯೋಜನವಿದೆ.

ಅಡುಗೆಮನೆಯ ಗಾಳಿ

ನೂರಕ್ಕೆ ಕೆಲವೇ ಪಾಲು ಹೊಗೆಯಾದರೆ ಅದರಿಂದೇನು ಬಾಧಕ? ಒಂದು ಸ್ಥೂಲವಾದ ಲೆಕ್ಕ ಹಾಕೋಣ. ಒಂದು ಕಿಲೋಗ್ರಾಂ ಸೌದೆಯಿಂದ 5 ಗ್ರಾಂ ಹೊಗೆಕಣಗಳು ಹೊರಟವೆಂದು ಇಟ್ಟುಕೊಳ್ಳಿ. ಒಂದು ಗಂಟೆಯಲ್ಲಿ 1.7 ಕಿಲೋಗ್ರಾಂ ಸೌದೆ ಉರಿದರೆ ಸುಮಾರು 8 ಗ್ರಾಂ. ಅಡುಗೆಮನೆ 4 ಮೀಟರ್ ಉದ್ದ, 4 ಮೀಟರ್ ಅಗಲ, ಎರಡೂವರೆ ಮೀಟರ್ ಎತ್ತರ. ಎಂದರೆ 40 ಘನಮೀಟರ್. ಬಾಗಿಲು, ಹಂಚಿನ ಸಂದುಗಳಿಂದ ಗಂಟೆಗೆ ಇಪ್ಪತ್ತು ಸಲ ಒಳಗಿನ ಗಾಳಿ ಬದಲಾಗುವುದೆಂದರೆ, ಈ 8 ಗ್ರಾಂ ಕಣಗಳು 800 ಘನಮೀಟರ್ ಗಾಳಿಯಲ್ಲಿ ಹರಡುತ್ತವೆ. ಘನಮೀಟರಿಗೆ 10 ಮಿಲಿಗ್ರಾಂ ಆಯಿತು.

ಇದು ಕಾಗದದ ಮೇಲಿನ ಲೆಕ್ಕ. ಇನ್ನು ಅಳತೆಯ ಮಾತು. ಕರ್ಕ್ ಸ್ಮಿತ್ ಎಂಬ ವಿಜ್ಞಾನಿ ತಮ್ಮ ಭಾರತೀಯ ಸಂಗಡಿಗರೊಡನೆ ಗುಜರಾತಿನ ಹಳ್ಳಿಗಳಲ್ಲಿ ಅಡುಗೆ ಮಾಡುವ ಹೆಂಗಸರು ಉಸಿರಾಡುವ ಗಾಳಿಯನ್ನು ಅಳೆದರು. 1983ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಅಡುಗೆಯ ವೇಳೆಯಲ್ಲಿ ತೇಲುವ ಕಣಗಳ ಪ್ರಮಾಣ ಸರಾಸರಿ ಘನಮೀಟರಿಗೆ ಸುಮಾರು 7 ಮಿಲಿಗ್ರಾಂ ಇದ್ದಿತು. ನಮ್ಮ ಅಂದಾಜಿಗೂ ಇದಕ್ಕೂ ಹೆಚ್ಚು ದೂರವಿಲ್ಲ. ಸೂಕ್ಷ್ಮಕಣಗಳು ದಿನದ ಸರಾಸರಿಯಲ್ಲಿ ಘನಮೀಟರಿಗೆ 15 ಮೈಕ್ರೋಗ್ರಾಮನ್ನು ಮೀರದಿರಲೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸಲಹೆ ಮಾಡಿದೆ. 7 ಮಿಲಿಗ್ರಾಂ ಎಂದರೆ 7000 ಮೈಕ್ರೋಗ್ರಾಂ. ಎರಡು ಅಳತೆಗಳ ರೀತಿ ಒಂದೇ ಅಲ್ಲ; ಒಂದು ಅಡುಗೆಯ ಹೊತ್ತಿನ ಎಲ್ಲ ಕಣಗಳದು, ಇನ್ನೊಂದು ಇಡೀ ದಿನದ ಸೂಕ್ಷ್ಮಕಣಗಳದು. ಆದರೂ ಅಂತರದ ಅಗಾಧತೆ ಮನಸ್ಸಿಗೆ ಬಾರದಿರದು.

ಮನೆಯೊಳಗಿನ ಇಂತಹ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ 32 ಲಕ್ಷ ಜನ ಮಡಿದರೆಂದೂ, ಅವರಲ್ಲಿ ಐದು ವರ್ಷ ತುಂಬದ ಮಕ್ಕಳು ಎರಡು ಲಕ್ಷಕ್ಕೂ ಹೆಚ್ಚೆಂದೂ ಅದೇ ಸಂಸ್ಥೆಯ ಅಂದಾಜು. ನ್ಯುಮೋನಿಯ, ಶ್ವಾಸಕೋಶದ ದೀರ್ಘರೋಗ, ಹೃದ್ರೋಗ, ಪಾರ್ಶ್ವವಾಯು, ಶ್ವಾಸಕೋಶದ ಕ್ಯಾನ್ಸರು — ಇವು ಆ ಸಾವುಗಳ ಕಾರಣಗಳು. ಹೊಗೆ ಮನೆಮಂದಿಯೆಲ್ಲರನ್ನೂ ಮುಟ್ಟುತ್ತದೆ, ನಿಜ. ಆದರೆ ಊದುಗೊಳವೆ ಹಿಡಿದು ಒಲೆಯ ಬಾಯಿಗೆ ಮುಖವೊಡ್ಡಿ ಕುಳಿತವಳ ಪಾಲೂ, ಅವಳ ಮಡಿಲಿನ ಮಗುವಿನ ಪಾಲೂ ಎಲ್ಲರಿಗಿಂತ ಹೆಚ್ಚು.

ಹೊತ್ತಿನ ತೂಕ

ಈಗ ತಾಯಿಯ ಪ್ರಶ್ನೆಗೆ ಬರೋಣ. ದಿನಕ್ಕೆ 5 ಕಿಲೋಗ್ರಾಂ ಎಂದರೆ ವರ್ಷಕ್ಕೆ 1825 ಕಿಲೋಗ್ರಾಂ. ತಲೆಹೊರೆಯೊಂದಕ್ಕೆ 20 ಕಿಲೋಗ್ರಾಂ ಎಂದರೆ 91 ಹೊರೆ. ಹೋಗಿ, ಆಯ್ದು, ಕಟ್ಟಿ, ಹೊತ್ತು ತರಲು ಹೊರೆಗೆ 4 ಗಂಟೆ ಹಿಡಿಯುವುದೆಂದು ಭಾವಿಸಿದರೆ 364 ಗಂಟೆಗಳು. ಒಲೆಯ ದಕ್ಷತೆಯನ್ನು ನೂರಕ್ಕೆ 10ರಿಂದ 30ಕ್ಕೆ ಏರಿಸಿದೆವೆನ್ನಿ. ಆಗ 30 ಹೊರೆ ಸಾಕು. ಉಳಿದ 61 ಹೊರೆಗಳ ಹೊತ್ತು 244 ಗಂಟೆ, ಎಂದರೆ ದಿನಕ್ಕೆ ಎಂಟು ಗಂಟೆಯಂತೆ ಮೂವತ್ತು ದಿನಗಳ ದುಡಿಮೆ. ಒಂದು ಒಲೆಯ ಅಳತೆಗಳನ್ನು ತಿದ್ದಿದ ಮಾತ್ರಕ್ಕೆ ಒಬ್ಬ ಹೆಂಗಸಿಗೆ ವರ್ಷದಲ್ಲಿ ಒಂದು ತಿಂಗಳು ಮರಳಿ ಬರುತ್ತದೆ!

ಆದರೆ ಈ ಒಂದು ತಿಂಗಳಿಗೆ ಬೆಲೆ ಕಟ್ಟುವವರು ಯಾರು? ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರವಿಜ್ಞಾನ ಕೇಂದ್ರವನ್ನು ಆರಂಭಿಸಿದರು. ಆ ಕೇಂದ್ರದವರು ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಪುರ ಮೊದಲಾದ ಹಳ್ಳಿಗಳಲ್ಲಿ ಮನೆ ಮನೆಗೂ ಹೋಗಿ ಶಕ್ತಿಯ ಜಮಾಖರ್ಚನ್ನು ಬರೆದುಕೊಂಡರು. ಹಳ್ಳಿಯು ಬಳಸುವ ಶಕ್ತಿಯಲ್ಲಿ ಬಹು ದೊಡ್ಡ ಪಾಲು ಸೌದೆಯದೆಂದೂ, ವಿದ್ಯುತ್ತಿನದು ತೀರ ಅಲ್ಪವೆಂದೂ ಅದರಿಂದ ತಿಳಿದುಬಂತು. ಆ ಸೌದೆಯಲ್ಲಿ ಹಣ ಕೊಟ್ಟು ಕೊಂಡದ್ದು ಸ್ವಲ್ಪವೇ. ಉಳಿದುದನ್ನೆಲ್ಲ ಆಯ್ದು ತಂದದ್ದು. ಹೆಂಗಸರೂ ಮಕ್ಕಳೂ ಅದಕ್ಕಾಗಿ ಸವೆಸಿದ ಹೊತ್ತು ಯಾವ ಅಂಗಡಿಯ ಲೆಕ್ಕಕ್ಕೂ, ಯಾವ ಇಲಾಖೆಯ ಲೆಕ್ಕಕ್ಕೂ ಬರುತ್ತಿರಲಿಲ್ಲ. ಮನೆಯಲ್ಲಿ ಕೂಲಿಯಿಲ್ಲದೆ ಮಾಡುವ ಅಡುಗೆ ಇಂದಿಗೂ ರಾಷ್ಟ್ರೀಯ ವರಮಾನದ ಲೆಕ್ಕಕ್ಕೆ ಸೇರುವುದಿಲ್ಲ.

ಈಚೆಗೆ ಸರ್ಕಾರವೇ ಹೊತ್ತನ್ನು ಅಳೆಯಲು ತೊಡಗಿದೆ. 2019ರಲ್ಲಿ ಇಡೀ ದೇಶದಲ್ಲಿ ನಡೆದ ಸಮಯ ಬಳಕೆಯ ಸಮೀಕ್ಷೆಯ ಪ್ರಕಾರ, ಮನೆಯ ಸಂಬಳವಿಲ್ಲದ ಕೆಲಸದಲ್ಲಿ ತೊಡಗಿದ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷಗಳನ್ನೂ, ಗಂಡಸರು 97 ನಿಮಿಷಗಳನ್ನೂ ಅದಕ್ಕೆ ವ್ಯಯಿಸುತ್ತಿದ್ದರು. ಹೆಂಗಸರಲ್ಲಿ ನೂರಕ್ಕೆ 81 ಮಂದಿ ಈ ಕೆಲಸದಲ್ಲಿ ತೊಡಗಿದ್ದರೆ, ಗಂಡಸರಲ್ಲಿ ನೂರಕ್ಕೆ 26 ಮಂದಿ ಮಾತ್ರ. 2024ರ ಸಮೀಕ್ಷೆಯಲ್ಲಿ ಆ ನಿಮಿಷಗಳು 289 ಮತ್ತು 88 ಆಗಿದ್ದವು. ಐದು ವರ್ಷಗಳಲ್ಲಿ ಇಬ್ಬರ ನಡುವಣ ಅಂತರ ಬದಲಾದದ್ದು ಒಂದೇ ಒಂದು ನಿಮಿಷ. ಕಡಿಮೆಯಾದದ್ದು ಅಷ್ಟೇ ಆದ್ದರಿಂದ, ಬದಲಾವಣೆ ಏನೂ ಇಲ್ಲವೆಂದೇ ಹೇಳಬೇಕು.

ವಿಜ್ಞಾನ ಕೊಟ್ಟ ಉತ್ತರ

ಒಲೆಯನ್ನು ತಿದ್ದುವ ಉಪಾಯ ವಿಜ್ಞಾನಕ್ಕೆ ತಿಳಿಯದ್ದಲ್ಲ. ‘ಅಸ್ತ್ರ’ ಕೇಂದ್ರದವರೇ 1980ರ ದಶಕದ ಮೊದಲಲ್ಲಿ ಮೂರು ಪಾತ್ರೆಗಳ ಒಲೆಯೊಂದನ್ನು ರೂಪಿಸಿದರು. ಅದಕ್ಕೆ ‘ಅಸ್ತ್ರ ಒಲೆ’ ಎಂದೇ ಹೆಸರಾಯಿತು. ಅದರಲ್ಲಿ ಉರಿ ಬಯಲಿನಲ್ಲಿಲ್ಲ, ಮುಚ್ಚಿದ ಗೂಡಿನಲ್ಲಿದೆ. ಸೌದೆ ಕಂಬಿಗಳ ಜಾಲರಿಯ ಮೇಲೆ ಕುಳಿತಿರುವುದರಿಂದ ಗಾಳಿ ಕೆಳಗಿನಿಂದ ಅಳತೆಯರಿತು ಬರುತ್ತದೆ. ಮೊದಲ ಪಾತ್ರೆಯನ್ನು ಕಾಯಿಸಿದ ಬಿಸಿ ಅನಿಲಗಳು ಎರಡನೆಯ, ಮೂರನೆಯ ಪಾತ್ರೆಗಳ ತಳವನ್ನು ಸವರಿಕೊಂಡು, ತಮ್ಮ ಶಾಖವನ್ನು ಅಲ್ಲಿ ಬಿಟ್ಟು, ಕೊನೆಗೆ ಹೊಗೆಗೊಳವೆಯಿಂದ ಮಾಡಿನ ಹೊರಗೆ ಹೋಗುತ್ತವೆ. ಅನ್ನ, ಸಾರು, ಬಿಸಿನೀರು ಒಂದೇ ಉರಿಯಲ್ಲಿ ಆಗುತ್ತವೆ. ಪ್ರಯೋಗಶಾಲೆಯಲ್ಲಿ ಇದರ ದಕ್ಷತೆ ನೂರಕ್ಕೆ 40ನ್ನೂ ಮುಟ್ಟಿತು. ನಾವು ಹಿಂದೆ ಹೇಳಿದ ಒಲೆಯ ಎರಡು ಕೆಲಸಗಳನ್ನೂ ಒಟ್ಟಿಗೆ ಸಾಧಿಸಲು ಮಾಡಿದ ಪ್ರಯತ್ನವಿದು. ಆದರೆ ಒಲೆಯ ಒಳ ಅಳತೆಗಳು ಒಂದೆರಡು ಬೆರಳು ತಪ್ಪಿದರೂ ಗುಣ ಕೆಡುತ್ತದೆ. ತರಬೇತಿಯಾದವರೇ ಅದನ್ನು ಕಟ್ಟಬೇಕು, ಹೊಗೆಗೊಳವೆಯನ್ನು ಆಗಾಗ ಶುಚಿಮಾಡುತ್ತಿರಬೇಕು.

1983ರಲ್ಲಿ ಭಾರತ ಸರ್ಕಾರ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿತು. 2002ರಲ್ಲಿ ಅದು ಮುಗಿಯುವ ವೇಳೆಗೆ ನಾನಾ ಬಗೆಯ ಮೂರು ಕೋಟಿಗೂ ಹೆಚ್ಚು ಒಲೆಗಳು ಹಂಚಿಕೆಯಾಗಿದ್ದವು. ಹಂಚಿದ್ದೇನೋ ಸರಿ, ಆದರೆ ಉರಿದವೆಷ್ಟು? ಬಹಳಷ್ಟು ಒಲೆಗಳು ಬಿರುಕು ಬಿಟ್ಟೋ, ಹೊಗೆಗೊಳವೆಯಲ್ಲಿ ಮಸಿ ಕಟ್ಟಿಯೋ ಮೂಲೆ ಸೇರಿದವು. ಮುಂದೆ ಒಡಿಶಾದಲ್ಲಿ ರೀಮಾ ಹನ್ನಾ, ಎಸ್ತರ್ ಡುಫ್ಲೊ, ಮೈಕೆಲ್ ಗ್ರೀನ್‌ಸ್ಟೋನ್ ಎಂಬ ಅರ್ಥಶಾಸ್ತ್ರಜ್ಞರು ಹೊಗೆಗೊಳವೆಯುಳ್ಳ ಒಲೆಗಳನ್ನು ಪಡೆದ ಮನೆಗಳನ್ನು ನಾಲ್ಕು ವರ್ಷಗಳವರೆಗೆ ಗಮನಿಸಿದರು. ಮೊದಲ ವರ್ಷ ಅಡುಗೆಯವರು ಸೇವಿಸುವ ಹೊಗೆ ತಗ್ಗಿತು. ಆಮೇಲೆ ಆ ಲಾಭ ಮಾಯವಾಯಿತು. ಒಲೆಗಳ ಬಳಕೆ ಕ್ರಮವಾಗಿರಲಿಲ್ಲ, ದುರಸ್ತಿಯೂ ನಡೆಯಲಿಲ್ಲ.

ಒಲೆಯನ್ನು ರೂಪಿಸುವವರು ಅಡುಗೆ ಮಾಡುವವಳನ್ನು ಕೇಳದೆ ಹೋದದ್ದು ಇಂತಹ ಸೋಲುಗಳಿಗೆ ಒಂದು ಕಾರಣ. ರಾಗಿಯ ಹಿಟ್ಟನ್ನು ಕೋಲಿನಿಂದ ಬಲವಾಗಿ ತೊಳಸುವಾಗ ಪಾತ್ರೆ ಅಲುಗದಂತಿರಬೇಕೆಂಬುದು ಮುದ್ದೆ ಕಟ್ಟಿದವರಿಗೆ ಗೊತ್ತು. ನಕ್ಷೆ ಬರೆಯುವವರಿಗೆ ಗೊತ್ತಿರಬೇಕೆಂದಿಲ್ಲ. ಆದರೆ ಇದಕ್ಕಿಂತಲೂ ಆಳವಾದ ಕಾರಣವೊಂದಿದೆ.

ಹೊಗೆ ಒಬ್ಬರಿಗೆ, ಹಣ ಒಬ್ಬರಿಗೆ

ಗ್ರಾಂಟ್ ಮಿಲ್ಲರ್ ಮತ್ತು ಮುಷ್ಫಿಕ್ ಮುಬಾರಕ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಬಾಂಗ್ಲಾದೇಶದ ಹಳ್ಳಿಗಳಲ್ಲಿ ನಡೆಸಿದ ಒಂದು ಪ್ರಯೋಗವನ್ನು 2013ರಲ್ಲಿ ಪ್ರಕಟಿಸಿದರು. ಅವರ ಬಳಿ ಎರಡು ಬಗೆಯ ಒಲೆಗಳಿದ್ದವು. ಒಂದಕ್ಕೆ ಹೊಗೆಗೊಳವೆಯಿದ್ದು ಅದು ಆರೋಗ್ಯಕ್ಕೆ ಹಿತ. ಇನ್ನೊಂದು ಸೌದೆಯನ್ನು ಉಳಿಸುವಂಥದು. ನಮ್ಮ ಒಲೆಯ ಎರಡು ಕೆಲಸಗಳೇ ಇಲ್ಲಿ ಎರಡು ಒಲೆಗಳಾಗಿ ನಿಂತಿರುವುದನ್ನು ಓದುಗರು ಗಮನಿಸಬೇಕು. ಕೆಲವು ಮನೆಗಳಲ್ಲಿ ಹೆಂಡತಿಯನ್ನೂ, ಕೆಲವು ಮನೆಗಳಲ್ಲಿ ಗಂಡನನ್ನೂ ಕೇಳಲಾಯಿತು. ಕೆಲವೆಡೆ ಒಲೆಯನ್ನು ಬಿಟ್ಟಿಯಾಗಿಯೂ, ಕೆಲವೆಡೆ ಒಂದು ಸಣ್ಣ ಬೆಲೆಗೂ ಕೊಡಲಾಯಿತು.

ಬಿಟ್ಟಿಯಾಗಿ ಕೊಟ್ಟಾಗ ಸುಧಾರಿತ ಒಲೆಯನ್ನು, ಅದರಲ್ಲಿಯೂ ಆರೋಗ್ಯಕ್ಕೆ ಹಿತವಾದ ಒಲೆಯನ್ನು, ಹೆಂಗಸರು ಗಂಡಸರಿಗಿಂತ ಹೆಚ್ಚಾಗಿ ಬಯಸಿದರು. ಸಣ್ಣದೊಂದು ಬೆಲೆ ಇಟ್ಟ ಕೂಡಲೇ ಆ ವ್ಯತ್ಯಾಸ ಅಳಿಸಿಹೋಯಿತು. ಅವರ ಬಯಕೆ ಬದಲಾಯಿತೆಂದು ಇದರ ಅರ್ಥವಲ್ಲ. ಹಣ ಬಿಚ್ಚಬೇಕಾದ ಕೂಡಲೇ ನಿರ್ಧಾರ ಅವರ ಕೈಯಲ್ಲಿ ಉಳಿಯಲಿಲ್ಲ. ಕೊಳ್ಳುವ ಅಧಿಕಾರ ಅವರಿಗಿರಲಿಲ್ಲ.

ಇದನ್ನು ಭೌತವಿಜ್ಞಾನದ ಭಾಷೆಯಲ್ಲಿ ಹೀಗೆ ಹೇಳಬಹುದು. ಒಂದು ಯಂತ್ರ ತನ್ನನ್ನು ತಾನೇ ಹತೋಟಿಯಲ್ಲಿಟ್ಟುಕೊಳ್ಳಬೇಕಾದರೆ, ಅದರ ದೋಷ ಎಲ್ಲಿ ಕಾಣಿಸಿಕೊಳ್ಳುತ್ತದೆಯೋ ಅಲ್ಲಿಂದ ಸರಿಪಡಿಸುವ ಕೀಲಿಗೆ ಸುದ್ದಿ ಮುಟ್ಟಬೇಕು. ಹಬೆಯ ಎಂಜಿನ್ನಿನ ವೇಗ ಹೆಚ್ಚಿದಾಗ ಅದರ ನಿಯಂತ್ರಕದ ಗುಂಡುಗಳು ಮೇಲೆದ್ದು ಹಬೆಯ ಬಾಗಿಲನ್ನು ಕಿರಿದು ಮಾಡುತ್ತವೆ. ಗುಂಡಿಗೂ ಬಾಗಿಲಿಗೂ ಇರುವ ಕೊಂಡಿಯನ್ನು ಕಳಚಿಹಾಕಿದರೆ ಎಂಜಿನ್ನು ಎಷ್ಟು ಕೆಟ್ಟು ಓಡಿದರೂ ತಿದ್ದುವವರಿಲ್ಲ. ಬಡವರ ಅಡುಗೆಮನೆಯಲ್ಲಿ ಕಳಚಿರುವುದು ಇದೇ ಕೊಂಡಿ. ಹೊಗೆಯ ನೋವು ಒಬ್ಬರಿಗೆ. ಹಣದ ಚೀಲ ಇನ್ನೊಬ್ಬರ ಕೈಯಲ್ಲಿ. ಹೊರೆ ತರುವ ಹೊತ್ತಿಗೆ ಬೆಲೆಯಿಲ್ಲ. ಹೊಸ ಒಲೆಗೆ ಬೆಲೆಯುಂಟು. ಆದ್ದರಿಂದ ಮನೆಯ ಲೆಕ್ಕದಲ್ಲಿ ಹಳೆಯ ಒಲೆ ಯಾವಾಗಲೂ ‘ಅಗ್ಗ’ವಾಗಿಯೇ ಕಾಣುತ್ತದೆ. ಗಂಡಸರು ಕ್ರೂರಿಗಳೆಂದು ನಾನು ಹೇಳುತ್ತಿಲ್ಲ. ಕಾಣದ ಖರ್ಚನ್ನು ಯಾರೂ ಉಳಿಸಲು ಹೋಗುವುದಿಲ್ಲವೆಂದಷ್ಟೇ ಹೇಳುತ್ತಿದ್ದೇನೆ.

ಸುಸ್ಥಿರ ಅಭಿವೃದ್ಧಿಯೆಂದರೇನು?

ಮುಂದಿನ ಪೀಳಿಗೆಯವರ ಅಗತ್ಯಗಳಿಗೆ ಕುಂದು ಬಾರದಂತೆ ಇಂದಿನವರ ಅಗತ್ಯಗಳನ್ನು ಪೂರೈಸಿಕೊಳ್ಳುವುದೇ ಸುಸ್ಥಿರ ಅಭಿವೃದ್ಧಿ ಎಂಬ ಭಾವವನ್ನು ಬ್ರುಂಟ್‌ಲಾಂಡ್ ಆಯೋಗ 1987ರಲ್ಲಿ ಜಗತ್ತಿನ ಮುಂದಿಟ್ಟಿತು. 2015ರಲ್ಲಿ ವಿಶ್ವಸಂಸ್ಥೆ ಹದಿನೇಳು ಗುರಿಗಳನ್ನು ಒಪ್ಪಿಕೊಂಡಿತು. ಅವುಗಳಲ್ಲಿ ಮೊದಲನೆಯದು ಬಡತನದ ನಿವಾರಣೆ, ಐದನೆಯದು ಸ್ತ್ರೀಪುರುಷ ಸಮಾನತೆ, ಏಳನೆಯದು ಎಲ್ಲರಿಗೂ ಚೊಕ್ಕಟವಾದ ಶಕ್ತಿ. ಕಾಗದದ ಮೇಲೆ ಇವು ಮೂರು ಬೇರೆ ಬೇರೆ ಸಾಲುಗಳು. ಒಲೆಯ ಮುಂದೆ ಇವು ಮೂರೂ ಒಂದೇ.

ಹೇಗೆಂದರೆ, ಕೈಯಲ್ಲಿ ಕಾಸಿಲ್ಲದ್ದರಿಂದ ಹೆಂಗಸು ಸೌದೆ ಆಯಲು ಹೋಗುತ್ತಾಳೆ. ಹೊತ್ತೆಲ್ಲ ಅದಕ್ಕೆ ಹೋಗುವುದರಿಂದ ಕಾಸು ಗಳಿಸುವ ಕೆಲಸಕ್ಕೆ ಹೋಗಲಾರಳು. ಗಳಿಕೆಯಿಲ್ಲದ್ದರಿಂದ ಮನೆಯ ನಿರ್ಧಾರಗಳಲ್ಲಿ ಅವಳ ಮಾತಿಗೆ ತೂಕ ಬಾರದು. ಮಾತಿಗೆ ತೂಕವಿಲ್ಲದ್ದರಿಂದ ಒಲೆ ಬದಲಾಗದು. ಒಲೆ ಬದಲಾಗದ್ದರಿಂದ ಮತ್ತೆ ಸೌದೆಗೆ ನಡೆಯಬೇಕು. ಇದೊಂದು ಮುಚ್ಚಿದ ವೃತ್ತ. ಕೈ ಸಾಲದಾದಾಗ ಮಗಳನ್ನೂ ಜತೆಗೆ ಕರೆದೊಯ್ದರೆ, ಅವಳ ಶಾಲೆ ತಪ್ಪಿ ವೃತ್ತ ಮುಂದಿನ ಪೀಳಿಗೆಗೂ ಹಬ್ಬುತ್ತದೆ. ಆಸ್ತಿಯಿಂದಲಾದರೂ ಬಲ ಬರುವುದೇ ಎಂದರೆ, ದೇಶದ ಸಾಗುವಳಿ ಹಿಡುವಳಿಗಳಲ್ಲಿ ಹೆಂಗಸರವು 2015–16ರ ಕೃಷಿ ಗಣತಿಯಂತೆ ನೂರಕ್ಕೆ 14 ಮಾತ್ರ.

ಕಾಡು ಬರಿದಾಗುವುದಕ್ಕೆ ಈ ಬಡ ಹೆಂಗಸರೇ ಕಾರಣವೆಂದು ಒಮ್ಮೊಮ್ಮೆ ಹೇಳುವುದುಂಟು. ಹಳ್ಳಿಯ ಹೆಂಗಸು ಸಾಮಾನ್ಯವಾಗಿ ಆಯುವುದು ಒಣಗಿದ ಕಡ್ಡಿ, ಪುಳ್ಳೆ, ಮುರಿದ ರೆಂಬೆಗಳನ್ನು; ಮರ ಕಡಿಯುವ ಸಾಧನವೂ ತ್ರಾಣವೂ ಅವಳಿಗಿಲ್ಲ. ಬೆಂಗಳೂರಿನ ಸೌದೆಯ ವಹಿವಾಟನ್ನು ‘ಅಸ್ತ್ರ’ದವರು 1980ರ ದಶಕದಲ್ಲಿ ಪರಿಶೀಲಿಸಿದಾಗ, ನಗರಕ್ಕೆ ದಿಮ್ಮಿಗಳು ಲಾರಿಗಳಲ್ಲಿ ಬರುತ್ತಿದ್ದುದು ಕಂಡುಬಂತು. ತಲೆಹೊರೆಯವಳನ್ನು ದೂರುವುದಕ್ಕೆ ಮೊದಲು ಲಾರಿಯ ಲೆಕ್ಕವನ್ನು ನೋಡಬೇಕು. ಕಾಡು ಹಿಂದೆ ಸರಿದಷ್ಟೂ ಹೆಚ್ಚು ದೂರ ನಡೆಯಬೇಕಾದವಳು ಅವಳೇ.

ಅನಿಲದ ಸಿಲಿಂಡರು

ಸೌದೆಯನ್ನೇ ಬಿಟ್ಟು ಅಡುಗೆ ಅನಿಲಕ್ಕೆ ಹೋದರೆ ಸೌದೆಯ ಈ ತೊಡಕುಗಳೆಲ್ಲ ಬಗೆಹರಿಯುವುದಿಲ್ಲವೆ ಎಂದು ಕೇಳಬಹುದು. ಆ ದಿಕ್ಕಿನಲ್ಲಿ ದೊಡ್ಡದೊಂದು ಹೆಜ್ಜೆಯನ್ನು ಇಟ್ಟಿದ್ದೇವೆ. 2016ರ ಮೇ 1ರಂದು ಆರಂಭವಾದ ಉಜ್ವಲಾ ಯೋಜನೆಯಲ್ಲಿ ಬಡ ಸಂಸಾರಗಳಿಗೆ ಅನಿಲದ ಸಂಪರ್ಕವನ್ನು ಮನೆಯ ಹೆಂಗಸಿನ ಹೆಸರಿನಲ್ಲಿಯೇ ಕೊಡಲಾಯಿತು. 2019ರ ಸೆಪ್ಟೆಂಬರ್ ವೇಳೆಗೆ ಸಂಪರ್ಕಗಳ ಸಂಖ್ಯೆ 8 ಕೋಟಿಯನ್ನು ಮುಟ್ಟಿತು. ಹೊಗೆಯಿಲ್ಲದ ಉರಿ ಇಷ್ಟು ಬೇಗ ಇಷ್ಟು ಮನೆಗಳ ಹೊಸ್ತಿಲನ್ನು ಹಿಂದೆಂದೂ ದಾಟಿರಲಿಲ್ಲ.

ಆದರೆ ಸಂಪರ್ಕ ಬೇರೆ, ಬಳಕೆ ಬೇರೆ. 2019ರಲ್ಲಿ ಲೆಕ್ಕಪರಿಶೋಧಕರ ವರದಿ ತೋರಿಸಿದಂತೆ, ಸಂಪರ್ಕ ಪಡೆದು ವರ್ಷ ದಾಟಿದ ಫಲಾನುಭವಿಗಳು ವರ್ಷಕ್ಕೆ ಸರಾಸರಿ ಮೂರಕ್ಕಿಂತ ತುಸು ಹೆಚ್ಚು ಸಿಲಿಂಡರುಗಳನ್ನು ಮಾತ್ರ ತುಂಬಿಸಿಕೊಂಡಿದ್ದರು. ಇದು ಎಷ್ಟು ದಿನಕ್ಕೆ ಸಾಕು? ನಮ್ಮ ವಿದ್ಯಾರ್ಥಿಯ ಮನೆಯಲ್ಲಿ ದಿನಕ್ಕೆ 5 ಕಿಲೋಗ್ರಾಂ ಸೌದೆಯ 80 ಮೆಗಾಜೂಲಿನಲ್ಲಿ ಹತ್ತನೆಯ ಒಂದು ಪಾಲು, ಎಂದರೆ 8 ಮೆಗಾಜೂಲ್, ಪಾತ್ರೆಗೆ ಮುಟ್ಟುತ್ತಿತ್ತು. 14.2 ಕಿಲೋಗ್ರಾಂ ಅನಿಲದಲ್ಲಿರುವ ಶಾಖ ಸುಮಾರು 650 ಮೆಗಾಜೂಲ್. ಅನಿಲದ ಒಲೆ ಅದರಲ್ಲಿ ನೂರಕ್ಕೆ 60ನ್ನು ಪಾತ್ರೆಗೆ ಮುಟ್ಟಿಸುವುದೆಂದರೆ ಒಂದು ಸಿಲಿಂಡರು 390 ಮೆಗಾಜೂಲ್ ಕೊಟ್ಟು 49 ದಿನ ಬರುತ್ತದೆ. ವರ್ಷಕ್ಕೆ ಏಳೂವರೆ ಸಿಲಿಂಡರು ಬೇಕು. ಮೂರು ಚಿಲ್ಲರೆ ತುಂಬಿಸಿದರೆ ಉಳಿದ ಅರ್ಧಕ್ಕೂ ಹೆಚ್ಚು ಅಡುಗೆ ಹಳೆಯ ಒಲೆಯ ಮೇಲೆಯೇ ಆಗಿರಬೇಕು. ಸಂಪರ್ಕಕ್ಕೆ ಹೆಣ್ಣಿನ ಹೆಸರು ಸಾಕಾಯಿತು. ಸಿಲಿಂಡರು ಮುಗಿದಾಗ ಮತ್ತೆ ಬೇಕಾದದ್ದು ಕೈಯಲ್ಲಿ ಹಣ, ಮತ್ತು ಅದನ್ನು ಖರ್ಚುಮಾಡುವ ಅಧಿಕಾರ.

ಹಾಗಾದರೆ ಉಪಾಯವೇನು? ಒಳ್ಳೆಯ ಒಲೆ ಬೇಕು, ಅನಿಲವೂ ವಿದ್ಯುತ್ತೂ ಬಡವರ ಕೈಗೆಟಕುವಂತಿರಬೇಕು. ಇದು ವಿಜ್ಞಾನಿಗಳ ಮತ್ತು ಸರ್ಕಾರದ ಪಾಲು. ಹೆಣ್ಣಿನ ದುಡಿಮೆಗೆ ಕೂಲಿ, ಜಮೀನಿನಲ್ಲಿ ಅವಳ ಹೆಸರು, ಬ್ಯಾಂಕಿನಲ್ಲಿ ಅವಳದೇ ಖಾತೆ, ಮನೆಯ ನಿರ್ಧಾರದಲ್ಲಿ ಅವಳ ಮಾತು ಬೇಕು. ಇದು ಸಮಾಜದ ಪಾಲು. ಎರಡನೆಯದಿಲ್ಲದೆ ಮೊದಲನೆಯದು ಎಷ್ಟು ದೂರ ಹೋಗಬಲ್ಲದೆಂಬುದನ್ನು ಮೂಲೆ ಸೇರಿದ ಒಲೆಗಳು ತೋರಿಸಿಕೊಟ್ಟಿವೆ.

ಓದುಗರಲ್ಲಿ ವಿದ್ಯಾರ್ಥಿಗಳಾದವರಿಗೆ ಒಂದು ಸೂಚನೆ. ನಿಮ್ಮ ಮನೆಯಲ್ಲಿ, ಇಲ್ಲವೆ ನೆಂಟರ ಮನೆಯಲ್ಲಿ, ಸೌದೆಯ ಒಲೆಯಿದ್ದರೆ ಒಂದು ವಾರ ಸೌದೆಯನ್ನು ತೂಗಿರಿ. ಎರಡು ಲೀಟರ್ ನೀರನ್ನು ಅಳೆದು ಕುದಿಬರುವವರೆಗೆ ಕಾಯಿಸಿ, ಉರಿದ ಸೌದೆಯ ತೂಕದಿಂದ ದಕ್ಷತೆಯನ್ನು ಕಂಡುಹಿಡಿಯಿರಿ. ಪುಸ್ತಕದಲ್ಲಿ ಇನ್ನೂ ಮೂರು ಅಂಕಣಗಳನ್ನು ಹಾಕಿಕೊಳ್ಳಿ: ಈ ಸೌದೆಯನ್ನು ತಂದವರು ಯಾರು? ಅದಕ್ಕೆ ಹಿಡಿದ ಹೊತ್ತೆಷ್ಟು? ಹೊಸ ಒಲೆ ಬೇಕೋ ಬೇಡವೋ ಎಂದು ತೀರ್ಮಾನಿಸುವವರು ಯಾರು? ಮೊದಲೆರಡು ಅಂಕಣಗಳಲ್ಲಿ ಇರುವ ಹೆಸರೇ ಮೂರನೆಯದರಲ್ಲಿಯೂ ಇರುವ ದಿನ ನಮ್ಮ ಒಲೆಗಳ ದಕ್ಷತೆ ಏರತೊಡಗುತ್ತದೆ.

ನನ್ನ ವಿದ್ಯಾರ್ಥಿಗೆ ಅವನ ಮನೆಯ ಒಲೆಯ ದಕ್ಷತೆಯನ್ನು ಲೆಕ್ಕಹಾಕಿ ತೋರಿಸಲು ಹತ್ತು ನಿಮಿಷ ಸಾಕಾಯಿತು. ಅವನ ತಾಯಿಯ ಪ್ರಶ್ನೆಗೆ ಉತ್ತರವನ್ನು ನಾವೆಲ್ಲರೂ ಸೇರಿ ಇನ್ನೂ ಕೊಡಬೇಕಾಗಿದೆ.